ಹಳೆಯ ಕಾರಿನ ವಿನಾಯಿತಿ

ಲಂಡನ್ನಿನ ನನ್ನ ಸಹೋದ್ಯೋಗಿಯೊಬ್ಬರು ತಮ್ಮ 1972ರ ರೋವರ್ ವಿ8 ಕಾರಿಗೆ ಎಲ್‌ಪಿಜಿ ಕಿಟ್ ಅಳವಡಿಸಿಕೊಂಡು, ಪರಿಸರದ ಋಣ ತೀರಿತೆಂಬ ಸಮಾಧಾನದಲ್ಲಿದ್ದಾರೆ. ಡಿಕ್ಕಿಯ ಅರ್ಧ ಜಾಗವನ್ನು ಟ್ಯಾಂಕು ನುಂಗಿತೆಂಬುದೊಂದೇ ಅವರ ದೂರು. ಗ್ಯಾಸು ಪೆಟ್ರೋಲಿಗಿಂತ ಶುಚಿಯಾಗಿ ಉರಿಯುತ್ತದೆ, ನಿಜ. ಆದರೆ ಅದೇ ದೂರಕ್ಕೆ ಹೆಚ್ಚು ಲೀಟರು ಬೇಕು. ಉಳಿತಾಯದ ಬಹುಪಾಲು ಕಡಿಮೆ ಇಂಧನ ಸುಂಕದ ಕೃಪೆ.

ಅಸಲಿಗೆ, ಅವರು ಈ ಖರ್ಚು ಮಾಡಬೇಕಾಗಿಯೇ ಇರಲಿಲ್ಲ. ನಲವತ್ತು ವರ್ಷ ದಾಟಿದ ‘ಐತಿಹಾಸಿಕ’ ಕಾರು ಏನನ್ನೇ ಉಗುಳಲಿ, ಅದಕ್ಕೆ ಯುಲೆಜ್ ಮಾಲಿನ್ಯ ಶುಲ್ಕವಿಲ್ಲ. 2012ರ ಡೀಸೆಲ್ ವ್ಯಾನಿನಲ್ಲಿ ನಸುಕಿಗೇ ಕಚೇರಿಗಳನ್ನು ಗುಡಿಸಲು ಹೊರಡುವವಳು ಮಾತ್ರ ದಿನಕ್ಕೆ 12.50 ಪೌಂಡ್ ತೆರಬೇಕು. ಬಡವರ ಹಳೆಯ ವಾಹನ ಮಾಲಿನ್ಯ, ಉಳ್ಳವರದು ಪರಂಪರೆ! ವಿನಾಯಿತಿ ಇರಲೇಬೇಕೆಂದರೆ ಗ್ಯಾಸಿಗೆ ಬದಲಾದ ಹಳೆಯ ಕಾರಿಗಷ್ಟೇ ಇರಲಿ. ಉಳಿದವರು ಆ ವ್ಯಾನಿನವಳಂತೆಯೇ ಶುಲ್ಕ ಕಟ್ಟಲಿ.