ಪ್ರಳಯದ ನಂತರದ ಉಗ್ರಾಣ

ಎಳೆಯರ ಸಾಹಸ ಕಾದಂಬರಿಗಳ ಬಗ್ಗೆ ನಮ್ಮ ವಿಮರ್ಶಕರು ಬರೆಯುವುದೇ ಅಪರೂಪ. ಬರೆದಾಗಲೂ ‘ಎಲ್ಲ ಕಲ್ಪನೆ ತಾನೆ, ನಂಬಿಕೆಯ ಮಾತೇಕೆ’ ಎಂದು ರಿಯಾಯಿತಿ ಕೊಟ್ಟು ಮುಂದೆ ಸಾಗುತ್ತಾರೆ. ಆ ರಿಯಾಯಿತಿ ಎಳೆಯ ಓದುಗರಿಗೆ ಮಾಡುವ ಅವಮಾನ. ಪ್ರಳಯದ ನಂತರದ ಕಥೆ ಹೇಳುವಾಗ ಲೋಕ ಹೇಗೆ ನಾಶವಾಯಿತೆಂದು ಕಾದಂಬರಿಕಾರರು ವಿವರಿಸದಿದ್ದರೂ ನಡೆದೀತು. ಉಳಿದವರು ಏನುಂಡರು, ಅದನ್ನು ಬೆಳೆದವರಾರು, ಹಂಚಿದವರಾರು ಎಂಬ ಲೆಕ್ಕ ಒಪ್ಪಿಸದಿದ್ದರೆ ನಡೆಯದು. ಪ್ರಳಯದ ನಂತರದ ಲೋಕ ನಿಲ್ಲುವುದೂ ಕುಸಿಯುವುದೂ ಅದರ ಉಗ್ರಾಣದಲ್ಲಿ.

ಲೆಕ್ಕ ಹೇಳುತ್ತ ಕೂತರೆ ಕಥೆಯ ಓಟ ನಿಲ್ಲುತ್ತದೆ ಎಂಬ ಆಕ್ಷೇಪ ಹಳೆಯದು. ಜೀನ್ ಡ್ಯುಪ್ರೌ ಅವರ ‘ದಿ ಸಿಟಿ ಆಫ್ ಎಂಬರ್’ (2003) ಅದನ್ನು ಸುಳ್ಳಾಗಿಸುತ್ತದೆ. ಆ ನೆಲದಡಿಯ ಊರಿನಲ್ಲಿ ಡಬ್ಬಿಯ ಆಹಾರ ಬರಿದಾಗುತ್ತಿದೆ, ಬಲ್ಬುಗಳು ಮುಗಿಯುತ್ತಿವೆ, ಜನರೇಟರ್ ಕೈಕೊಡುತ್ತಿದೆ. ಇಬ್ಬರು ಮಕ್ಕಳು ದಾರಿ ಹುಡುಕಲು ಹೊರಡುವುದೇ ಆ ಕೊರತೆಯಿಂದ. ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ನಲ್ಲಿ (2008) ಒಬ್ಬರಿಗೆ ವರ್ಷಕ್ಕೆ ಸಾಲದಷ್ಟು ಧಾನ್ಯ, ಎಣ್ಣೆಗೆ ಸಾವಿನ ಆಟಕ್ಕೆ ಮಕ್ಕಳನ್ನು ಆರಿಸುವ ಚೀಟಿಗಳಲ್ಲಿ ಪಡೆದವರ ಹೆಸರು ಒಂದು ಬಾರಿ ಹೆಚ್ಚುತ್ತದೆ. ತನಗೆ, ತಾಯಿಗೆ, ತಂಗಿಗೆ ಅದನ್ನು ಪಡೆಯುತ್ತ ಬಂದ ನಾಯಕಿ ಕ್ಯಾಟ್ನಿಸ್‌ಳ ಹೆಸರು ಹದಿನಾರನೇ ವಯಸ್ಸಿಗೆ 20 ಬಾರಿ ಇದೆ. ಅವಳ ಗೆಳೆಯ, ಹದಿನೆಂಟರ ಗೇಲ್‌ನದು 42 ಬಾರಿ. ಅವರ ದೇಶ ಪನೆಮ್‌ನ ಇಡೀ ರಾಜ್ಯಶಾಸ್ತ್ರ ಆ ಎರಡು ಅಂಕಿಗಳಲ್ಲಿದೆ, ಓದುಗರ ಎದೆ ಬಡಿತವೂ ಅಲ್ಲೇ ಇದೆ.

ಹಾಗೆಂದು ನಂಬಿಕೆಯನ್ನು ವಿಜ್ಞಾನದ ತಕ್ಕಡಿಯಲ್ಲಿ ತೂಗಬೇಕೆಂದಲ್ಲ. ಫಿಲಿಪ್ ರೀವ್ ಅವರ ‘ಮಾರ್ಟಲ್ ಎಂಜಿನ್ಸ್’ನಲ್ಲಿ (2001) ಲಂಡನ್ ನಗರವೇ ಚಕ್ರಗಳ ಮೇಲೆ ಉರುಳಿ ಸಣ್ಣ ಊರುಗಳನ್ನು ನುಂಗುತ್ತದೆ. ಇದು ಆಗದ ಮಾತು. ಆದರೂ ನಂಬುತ್ತೇವೆ, ಏಕೆಂದರೆ ನುಂಗುವ ನಗರಕ್ಕೆ ಒಂದು ದಿನ ಬೇಟೆ ಸಿಗದಾಗುತ್ತದೆ ಎಂಬ ಫಲವನ್ನು ರೀವ್ ತಪ್ಪಿಸಿಕೊಳ್ಳುವುದಿಲ್ಲ. ವೆರೊನಿಕಾ ರಾತ್ ಅವರ ‘ಡೈವರ್ಜೆಂಟ್’ನ (2011) ಶಿಕಾಗೊದಲ್ಲಿ ಅಂಥ ಅಸಾಧ್ಯ ಯಂತ್ರವೇನೂ ಬೇಕಿಲ್ಲ, ಆದರೂ ಅದು ಅಲುಗಾಡುತ್ತದೆ. ಒಂದೊಂದು ಗುಣಕ್ಕೆ ಒಂದೊಂದು ಬಣವೆಂದು ಊರನ್ನು ಐದಾಗಿ ಹಂಚಿ, ಒಂದಕ್ಕಿಂತ ಹೆಚ್ಚು ಗುಣವಿರುವವರನ್ನು ಅಪಾಯಕಾರಿಗಳೆನ್ನುವ ಲೋಕವದು. ಧೈರ್ಯವೂ ದಯೆಯೂ ಒಬ್ಬರಲ್ಲೇ ಇರುವುದನ್ನು ಯಾವ ಮಗು ಕಂಡಿಲ್ಲ? ಇದೆಲ್ಲ ವಂಶವಾಹಿಗಳ ಪ್ರಯೋಗವೆಂದು ಸರಣಿಯ ಮೂರನೆಯ ಸಂಪುಟ (2013) ವಿವರಣೆ ಕೊಡುತ್ತದೆ. ಮೊದಲ ಪುಟಗಳಲ್ಲಿ ಹುಟ್ಟದ ನಂಬಿಕೆಯನ್ನು ಕೊನೆಯ ವಿವರಣೆ ಹುಟ್ಟಿಸಲಾರದು. ಅನ್ನದ ಲೆಕ್ಕದಷ್ಟೇ ಮನುಷ್ಯ ಸ್ವಭಾವದ ಲೆಕ್ಕವೂ ಕಟ್ಟುನಿಟ್ಟು.

ಈ ಸಂಚಿಕೆಯ ವಿಶೇಷ ವಿಭಾಗ ಇಂಥ ಲೋಕಗಳಿಗೆ ಮೀಸಲು. ದೊಡ್ಡವರ ಕಾದಂಬರಿಯಲ್ಲಿ ಒಂದು ಪಾತ್ರದ ನಡೆ ಹುಸಿಯಾದರೆ ಪುಟಗಟ್ಟಲೆ ಆಕ್ಷೇಪಿಸುವ ವಿಮರ್ಶಕರು, ಮಕ್ಕಳ ಕೈಗಿಡುವ ಪುಸ್ತಕದಲ್ಲಿ ಒಂದು ಊರೇ ಹುಸಿಯಾದಾಗಲೂ ಅಷ್ಟೇ ನಿಷ್ಠುರವಾಗಿ ಲೆಕ್ಕ ಕೇಳಲಿ.