ನಮ್ಮ ಡೇರಿಗೆ ಒರಾಕಲ್ ಯಾಕೆ ಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಹಾಲಿನ ಡೇರಿ, ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇಲ್ಲದ ಊರು ಹುಡುಕಬೇಕು. ಇಂಥ ಸಂಘಕ್ಕೆ ಸಾಫ್ಟ್‌ವೇರ್ ಮಾರಲು ಬಂದವರು ದೊಡ್ಡ ಬ್ಯಾಂಕುಗಳ ಡೇಟಾಬೇಸನ್ನೇ ನಿಮಗೂ ಹಾಕಿಕೊಡುತ್ತೇವೆ ಎಂದರೆ ಆಡಳಿತ ಮಂಡಳಿ ಖುಷಿಪಡಬಾರದು, ಲೆಕ್ಕ ಕೇಳಬೇಕು.

ಡೇಟಾಬೇಸ್ ಅಂದರೆ ಕಂಪ್ಯೂಟರಿನ ಒಳಗಿನ ಖಾತೆ ಪುಸ್ತಕ, ಅಷ್ಟೇ. 200 ಮಂದಿ ದಿನಕ್ಕೆ ಎರಡು ಸಲ ಹಾಲು ಹಾಕಿದರೆ ವರ್ಷಕ್ಕೆ 1,46,000 ನಮೂದು. ದಿನಾಂಕ, ಲೀಟರ್, ಫ್ಯಾಟ್, ದರ ಸೇರಿ ಒಂದಕ್ಕೆ 100 ಬೈಟ್ ಹಿಡಿಯಿರಿ. ಒಟ್ಟು 15 ಎಂಬಿಯೂ ಆಗುವುದಿಲ್ಲ. ವಾಟ್ಸಾಪಿಗೆ ಬರುವ ಒಂದು ಮದುವೆ ವಿಡಿಯೋದಷ್ಟು!

ಒರಾಕಲ್ ಎಂಟರ್‌ಪ್ರೈಸ್ ಎಡಿಷನ್ನಿನ ಪಟ್ಟಿ ಬೆಲೆ ಒಂದು ಪ್ರೊಸೆಸರ್ ಲೈಸೆನ್ಸಿಗೆ 47,500 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 40 ಲಕ್ಷ. ಮೇಲೆ ವರ್ಷಾ ವರ್ಷ ಶೇ 22ರಷ್ಟು ಸಪೋರ್ಟ್ ಹಣ. ರಿಯಾಯಿತಿ ಇದೆ, ಅಗ್ಗದ ಆವೃತ್ತಿಯೂ ಇದೆ ಅನ್ನುತ್ತಾರೆ. ಇರಲಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ರಿಯಾಯಿತಿಯಲ್ಲಿ ಸಿಕ್ಕರೂ ಬ್ರಹ್ಮಾಸ್ತ್ರವೇ.

ನಿಮ್ಮ ಕೈಯಲ್ಲಿರುವ ಫೋನಿನ ವಾಟ್ಸಾಪ್ ಮೆಸೇಜುಗಳು ಕೂತಿರುವುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ. 2000ರಲ್ಲಿ ಬಂದದ್ದು, ಪೂರ್ತಿ ಉಚಿತ. ಒಂದೇ ಕಂಪ್ಯೂಟರಿನ ಡೇರಿಗೆ ಅದು ಧಾರಾಳ. ನಾಲ್ಕಾರು ಶಾಖೆಗಳಿಂದ ಒಟ್ಟಿಗೆ ನಮೂದು ಮಾಡುವ ಸೌಹಾರ್ದಕ್ಕೆ ಪೋಸ್ಟ್‌ಗ್ರೆಸ್ ಇದೆ. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಅದಕ್ಕೂ ಲೈಸೆನ್ಸ್ ದುಡ್ಡಿಲ್ಲ. ಸರ್ಕಾರಿ ಕೆಲಸಕ್ಕೆ ಇಂಥ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡಿ ಎಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಮಾಡಿದೆ.

ಪುಕ್ಕಟೆಯದು ಕೆಟ್ಟರೆ ಯಾರನ್ನು ಕೇಳೋದು? ದುಬಾರಿಯದು ಕೆಟ್ಟರೂ ಅಮೆರಿಕದಿಂದ ಯಾರೂ ಓಡಿ ಬರುವುದಿಲ್ಲ. ಬರುವವನು ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗನೇ. ಆ ದುಡ್ಡು ಅವನಿಗೇ ಕೊಡಿ.

ದೊಡ್ಡ ಡೇಟಾಬೇಸಿಗೆ ಕೆಲಸವೇ ಇಲ್ಲ ಅಂತಲ್ಲ. ಒಂದು ನಿಮಿಷ ನಿಂತರೆ ಕೋಟಿಗಟ್ಟಲೆ ವ್ಯವಹಾರ ನಿಲ್ಲುವ ಕಡೆ ಅದು ಬೇಕಾದೀತು. ಹಳ್ಳಿಗಳಿಗೆ ಕರೆಂಟ್ ಕೊಡುತ್ತಿರುವ ಹುಕ್ಕೇರಿ ವಿದ್ಯುತ್ ಸಹಕಾರಿ ಸಂಘದಷ್ಟು ದೊಡ್ಡ ಸಂಸ್ಥೆಗೂ ಮೊದಲು ಪೋಸ್ಟ್‌ಗ್ರೆಸ್ ಪರೀಕ್ಷಿಸಿ ನೋಡಿ ಎಂದೇ ನಾವು ಹೇಳುತ್ತೇವೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಿನೊಳಗೆ ನುಗ್ಗಿದ್ದು ನೆನಪಿದೆಯಲ್ಲ? ನೀರಿಗೆ ದುಬಾರಿ, ಅಗ್ಗ ಗೊತ್ತಾಗುವುದಿಲ್ಲ. ಲೆಕ್ಕ ಉಳಿಸುವುದು ಬೇರೆ ಊರಿನಲ್ಲಿಟ್ಟ ದಿನದಿನದ ಪ್ರತಿ.

ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ವರ್ಷಕ್ಕೆ ಲೈಸೆನ್ಸಿಗೆ ಎಷ್ಟು ಹೋಗುತ್ತಿದೆ? ನಮ್ಮ ಲೆಕ್ಕದ ಪ್ರತಿ ಎಲ್ಲಿದೆ? ನಾಳೆ ಈ ಕಂಪನಿ ಬಿಟ್ಟರೆ ಪೂರ್ತಿ ಲೆಕ್ಕ ನಮ್ಮ ಕೈಗೆ ಬರುತ್ತದೆಯೇ? ದುಡ್ಡು ನಿಮ್ಮ ಷೇರಿನದು. ಕೇಳಲು ಸಂಕೋಚ ಬೇಡ.