ಸೆಕೆಂಡ್ ಹ್ಯಾಂಡ್ ಎಮ್‌ಆರ್‌ಐ ಕೊಳ್ಳುವ ಮುನ್ನ...

ಹೋದ ತಿಂಗಳು ಸಾಗರದ ಕಡೆಯಿಂದ ಗೆಳೆಯನ ಫೋನ್ ಬಂತು. ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಊರಲ್ಲಿ ಸಣ್ಣದೊಂದು ನರ್ಸಿಂಗ್ ಹೋಮ್ ನಡೆಸುವ ಡಾಕ್ಟರು. "ಮಾರಾಯ, ನಿಮ್ಮ ಮದ್ರಾಸಲ್ಲಿ ಒಂದು ಎಮ್‌ಆರ್‌ಐ ಮಷೀನ್ ಮಾರಾಟಕ್ಕಿದೆಯಂತೆ. ಹೊಸದರ ಕಾಲುಭಾಗದ ರೇಟು. ನೀನೊಂದ್ಸಲ ನೋಡಿ ಹ್ಞೂಂ ಅಂದ್ರೆ ತೋಟದ ಮೇಲೆ ಸಾಲ ತೆಗೀತೀನಿ" ಅಂದ.

ಆಸ್ಪತ್ರೆ ಯಂತ್ರಗಳ ನಿರ್ವಹಣೆಯೇ ನನ್ನ ಹೊಟ್ಟೆಪಾಡು. ಈ ಊರಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಊರಿನವರು ಫೋನ್ ಮಾಡುವುದು ಸಾಮಾನ್ಯವಾಗಿ ಅಪೋಲೋದಲ್ಲೋ ಶಂಕರ ನೇತ್ರಾಲಯದಲ್ಲೋ ಅಪಾಯಿಂಟ್‌ಮೆಂಟ್ ಬೇಕಾದಾಗ. ಯಂತ್ರ ನೋಡು ಅಂದವನು ಇವನೊಬ್ಬನೇ. ಖುಷಿಯಾಯಿತು, ಭಯವೂ ಆಯಿತು. ಅಡಿಕೆ ತೋಟ ಅವನ ಅಪ್ಪ ಮಾಡಿದ್ದು.

ಭಾನುವಾರ ಅಂಬತ್ತೂರಿನ ಗೋಡೌನಿಗೆ ಹೋದೆ. ಟಾರ್ಪಾಲು ಸರಿಸಿದರೆ ಮದುಮಗನ ಹಾಗೆ ಹೊಸ ಪೇಂಟು ಹೊಡೆಸಿಕೊಂಡು ಕೂತಿತ್ತು ಮ್ಯಾಗ್ನೆಟ್. "ಸೂಪರ್ ಕಂಡೀಷನ್ ಸಾರ್" ಅಂದ ಮಾರುವವ. ಹೀಲಿಯಂ ಎಷ್ಟಿದೆ ಅಂದೆ. "ಅದು ಹಾಕಿಸಿಕೊಂಡರಾಯ್ತು ಸಾರ್" ಅಂದ, ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಷ್ಟು ಸಲೀಸಾಗಿ!

ವಿಷಯ ಇರುವುದೇ ಅಲ್ಲಿ. 1.5 ಟೆಸ್ಲಾ ಯಂತ್ರದ ಒಳಗಿನ ತಂತಿಸುರುಳಿ ಮೈನಸ್ 269 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿದ್ದರೆ ಮಾತ್ರ ಅದು ಅಯಸ್ಕಾಂತ. ಮಾಮೂಲಿ ಮಾದರಿಗಳಲ್ಲಿ ಅದಕ್ಕೆ ಸುಮಾರು 1,500 ಲೀಟರಿನಷ್ಟು ದ್ರವ ಹೀಲಿಯಂ ಬೇಕು. ನಮ್ಮ ದೇಶಕ್ಕೆ ಹೀಲಿಯಂ ಬರುವುದು ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದಲೇ. ಹೀಲಿಯಂ ಆರಿಹೋಗಿ ಬೆಚ್ಚಗಾದ ಮ್ಯಾಗ್ನೆಟ್ ಚೆನ್ನಾಗಿದೆಯೋ ಇಲ್ಲವೋ ಅಂತ ಗೋಡೌನಿನಲ್ಲಿ ನಿಂತು ಬ್ರಹ್ಮನೂ ಹೇಳಲಾರ. ಮತ್ತೆ ತಂಪು ಮಾಡಿ, ಕರೆಂಟು ತುಂಬಿಸಿ ನೋಡಿದ ಮೇಲೆಯೇ ಗೊತ್ತಾಗುವುದು. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ.

ಹಾಗಂತ ಹಳೇ ಯಂತ್ರವೇ ಬೇಡ ಅನ್ನುವವನು ನಾನಲ್ಲ. ಸೊಂಟನೋವಿನ ಮುದುಕಮ್ಮನನ್ನು ಒಂದು ಸ್ಕ್ಯಾನಿಗೋಸ್ಕರ ಬಸ್ಸಿನಲ್ಲಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕರೆದೊಯ್ಯುವ ಕಷ್ಟ ಕಂಡವನಿಗೆ, ಸಣ್ಣ ಊರಿಗೆ ಹಳೇ ಯಂತ್ರವಾದರೂ ಬರಲಿ ಅನ್ನಿಸದೇ ಇರುವುದಿಲ್ಲ. ನನ್ನ ತಕರಾರು ಇಷ್ಟೇ: ನಾವು ಯಂತ್ರದ ಬೆಲೆ ಕೇಳುತ್ತೇವೆ, ಅದನ್ನು ಸಾಕುವ ಬೆಲೆ ಕೇಳುವುದಿಲ್ಲ.

ಪೆಟ್ಟು ತಿಂದೇ ಕಲಿತದ್ದು ಇದು. 2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಚೆನ್ನೈಗೆ ಬಡಿದಾಗ ನಾನಿದ್ದ ಆಸ್ಪತ್ರೆಯಲ್ಲೂ (ಹೆಸರು ಬೇಡ) ಇಂಥದೇ ಹಳೇ ಯಂತ್ರವಿತ್ತು. ಸ್ಕ್ಯಾನ್ ಇರಲಿ ಬಿಡಲಿ, ಹೀಲಿಯಂ ಆವಿಯಾಗದ ಹಾಗೆ ತಂಪಾಗಿಡುವ ಕೋಲ್ಡ್ ಹೆಡ್, ಕಂಪ್ರೆಸರ್, ಚಿಲ್ಲರ್ ಇಪ್ಪತ್ನಾಲ್ಕು ಗಂಟೆ ಓಡಲೇಬೇಕು. ಕರೆಂಟು ಹೋಯಿತು, ನಾಲ್ಕು ದಿನ ಬರಲಿಲ್ಲ. ನೋಟು ರದ್ದಾಗಿ ತಿಂಗಳಷ್ಟೇ ಆಗಿತ್ತು, ಡೀಸೆಲ್ಲಿಗೆ ನಗದು ಹೊಂದಿಸುವುದೇ ಸಾಹಸ. ಇದ್ದ ಜನರೇಟರನ್ನು ಐಸಿಯುಗೆ ಕೊಟ್ಟೆವು. ಕರೆಂಟು ಬಂದ ಮೇಲೆ ದಣಿದಿದ್ದ ಕೋಲ್ಡ್ ಹೆಡ್ ಏಳಲೇ ಇಲ್ಲ. ಹೀಲಿಯಂ ಮಟ್ಟ ದಿನಾ ಇಳಿಯುವುದನ್ನು ಮೀಟರಿನಲ್ಲಿ ನೋಡುತ್ತಾ ಕೂತೆವು. ಸರ್ವಿಸ್ ಕಾಂಟ್ರಾಕ್ಟು ತೆಗೆದು ಓದಿದರೆ, ಹೀಲಿಯಮ್ಮೂ ಕೋಲ್ಡ್ ಹೆಡ್ಡೂ ಅದರಲ್ಲಿ ಸೇರಿರಲೇ ಇಲ್ಲ! ಎರಡು ತಿಂಗಳು ರೋಗಿಗಳನ್ನು ಬೇರೆ ಕಡೆ ಕಳಿಸಿದೆವು. ಸಹಿ ಹಾಕುವ ಮುಂಚೆ ಆ ಕಾಗದ ನನ್ನ ಮೇಜಿಗೂ ಬಂದಿತ್ತು ಅನ್ನುವುದನ್ನು ಇಂದಿಗೂ ಮರೆತಿಲ್ಲ.

ಅದಕ್ಕೇ ಗೆಳೆಯನಿಗೆ ಹೇಳಿದೆ: ಯಂತ್ರ ನೋಡುವುದಾದರೆ ಅದು ಇನ್ನೂ ಕೆಲಸ ಮಾಡುತ್ತಿರುವ ಆಸ್ಪತ್ರೆಯಲ್ಲೇ ನೋಡು, ಬಿಚ್ಚುವ ಮೊದಲೇ. ಒಂದು ವರ್ಷದ ಹೀಲಿಯಂ ಲಾಗ್ ಕೇಳು. ಕೋಲ್ಡ್ ಹೆಡ್ ಯಾವಾಗ ಬದಲಾಯಿಸಿದರು ಕೇಳು. ಕಾಯಿಲುಗಳನ್ನು ಒಂದೊಂದಾಗಿ ಹಾಕಿ ಸ್ಕ್ಯಾನ್ ಮಾಡಿಸು. ತಲೆಗೊಂದು, ಬೆನ್ನಿಗೊಂದು, ಮಂಡಿಗೊಂದು. ಕೆಟ್ಟ ಕಾಯಿಲ್ ಒಂದೊಂದಕ್ಕೂ ಲಕ್ಷಗಟ್ಟಲೆ ತೆರಬೇಕು. ಆ ಮಾದರಿಗೆ ಕಂಪನಿ ಇನ್ನೂ ಎಷ್ಟು ವರ್ಷ ಬಿಡಿಭಾಗ ಕೊಡುತ್ತದೆ ಅಂತ ಬರವಣಿಗೆಯಲ್ಲಿ ತಗೋ.

'ರೀಫರ್ಬಿಶ್ಡ್' ಅನ್ನುವ ಪದಕ್ಕೂ ಮರುಳಾಗಬೇಡಿ. ಜಿಇಯ ಗೋಲ್ಡ್‌ಸೀಲ್, ಸೀಮೆನ್ಸಿನ ಇಕೋಲೈನ್ ಥರ ತಯಾರಕರೇ ಪರೀಕ್ಷಿಸಿ, ವಾರಂಟಿ ಕೊಟ್ಟು ಮಾರುವುದು ಒಂದು ಜಾತಿ. ತೊಳೆದು ಪೇಂಟ್ ಹೊಡೆದದ್ದು ಇನ್ನೊಂದು ಜಾತಿ. ಎರಡಕ್ಕೂ ಹೆಸರು ಒಂದೇ. ಹೊರದೇಶದಿಂದ ಬಂದದ್ದಾದರೆ ಆಮದಿನ ಕಾಗದ ನೋಡಲೇಬೇಕು. ಬಳಸಿದ ವೈದ್ಯಕೀಯ ಯಂತ್ರಗಳ ಆಮದಿಗೆ ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳು ಅಡ್ಡ ಬರುತ್ತವೆ.

ಇನ್ನು ಕೋಣೆ. ಹಲವು ಟನ್ ಭಾರ ತಾಳುವ ನೆಲ, ಸುತ್ತ ತಾಮ್ರದ ಕವಚ, ಹೀಲಿಯಂ ಒಮ್ಮೆಲೇ ಆವಿಯಾದರೆ ಹೊರಹೋಗಲು ದಪ್ಪ ಪೈಪು. ಜೊತೆಗೆ ತರಬೇತಾದ ಜನ. 2018ರಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರಿನ ಜೊತೆಗೇ ಮನುಷ್ಯನನ್ನು ಯಂತ್ರ ಎಳೆದುಕೊಂಡಿತು, ಆತ ಉಳಿಯಲಿಲ್ಲ. ಹಳೇ ಯಂತ್ರವಾದರೂ ಅದರ ಸೆಳೆತ ಹಳತಾಗುವುದಿಲ್ಲ.

ಬೇರೆ ದಾರಿಯೂ ಇದೆ. 0.3 ಟೆಸ್ಲಾ ಆಸುಪಾಸಿನ ಶಾಶ್ವತ ಅಯಸ್ಕಾಂತದ ಯಂತ್ರಕ್ಕೆ ಹೀಲಿಯಂ ಬೇಡ, ಕರೆಂಟೂ ಕಮ್ಮಿ. ಸ್ಕ್ಯಾನ್ ನಿಧಾನ, ಮಿದುಳಿನ ರಕ್ತನಾಳದಂಥ ಸೂಕ್ಷ್ಮಕ್ಕೆ ಸಾಲದು, ಆದರೆ ಸೊಂಟ, ಮಂಡಿಗೆ ನಡೆಯುತ್ತದೆ. ಹೊಸದರಲ್ಲಿ, ಏಳೇ ಲೀಟರ್ ಹೀಲಿಯಂ ಸಾಕಾಗುವ ಯಂತ್ರವನ್ನು ಫಿಲಿಪ್ಸ್ 2018ರಲ್ಲೇ ತಂದಿತು. ನಮ್ಮ ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕೂಡ 1.5 ಟೆಸ್ಲಾ ಯಂತ್ರ ಕಟ್ಟಿದೆ. ಎರಡು ವರ್ಷ ಕಾಯುವುದೂ ಒಂದು ತೀರ್ಮಾನವೇ.

ಎಲ್ಲ ಕೇಳಿ ಗೆಳೆಯ, "ಮದುವೆ ಮಾಡ್ಸು ಅಂದ್ರೆ ಜಾತಕ ಕೂಡಲ್ಲ ಅಂತೀಯಲ್ಲ ಮಾರಾಯ" ಅಂತ ಮುನಿಸಿಕೊಂಡ. ಒಂದು ವಾರ ಫೋನಿಲ್ಲ. ನಿನ್ನೆ ರಾತ್ರಿ ಮಾಡಿದ್ದ. ಕೊಯಮತ್ತೂರಿನಲ್ಲಿ ಇನ್ನೂ ಓಡುತ್ತಿರುವ ಒಂದು ಯಂತ್ರ ಇದೆಯಂತೆ. "ಲಾಗ್ ಬುಕ್ ತೋರಿಸ್ತಾರಂತೆ, ಬರ್ತೀಯಾ?" ಅಂದ.

ಹೋಗುತ್ತೇನೆ. ಈ ಸಲ ಕಾಂಟ್ರಾಕ್ಟನ್ನು ಕೊನೇ ಸಾಲಿನವರೆಗೂ ಓದುತ್ತೇನೆ. ನಿಮ್ಮೂರಿನಲ್ಲೂ ಯಾರಾದರೂ ಇಂಥ ಸಾಹಸಕ್ಕೆ ಹೊರಟಿದ್ದರೆ ಒಂದು ಮಾತು ಹೇಳಿ. ನೀವೇನಂತೀರಿ?